ತೋಳಿನ ಅಳತೆ

ರಾಯದುರ್ಗ
9 ಜೂನ್ 2024

ಉಷಾ,

ನಾನು ಅಷ್ಟೇನೂ ಚೆನ್ನಾಗಿಲ್ಲ. ಆದರೆ ಬಳ್ಳಾರಿಯ ಡಾಕ್ಟರಮ್ಮ ಹೇಳಿದಷ್ಟು ಕೆಟ್ಟೂ ಇಲ್ಲ. ಇದನ್ನು ಮೊದಲೇ ಹೇಳಿಬಿಟ್ಟರೆ ಉಳಿದದ್ದನ್ನು ನೀನು ಗಾಬರಿಯಿಲ್ಲದೆ ಓದುತ್ತೀಯ.

ಗುರುವಾರ ಬಳ್ಳಾರಿಗೆ ಹೋಗಿದ್ದೆ. ನಾಲ್ಕು ವರ್ಷದ ಹಿಂದೆ ಮೂಗಿನ ಒಳಗಿಂದ ಮಿದುಳಿನ ಬುಡದ ಗಡ್ಡೆ ತೆಗೆದರಲ್ಲ, ಅಲ್ಲಿಗೆ ಎಲ್ಲ ಮುಗಿಯಿತು ಅಂದುಕೊಂಡಿದ್ದೆವು. ಮುಗಿದಿಲ್ಲವಂತೆ. ಒಂದು ಚೂರು ಉಳಿದುಕೊಂಡಿದೆಯಂತೆ. ಬೆಳೆಯುವ ಮಕ್ಕಳಿಗೆ ಬೇಕಾದ ಹಾರ್ಮೋನು ನಲವತ್ತೇಳು ವರ್ಷದ ನನ್ನ ಮೈಗೆ ಇನ್ನೂ ಸುರಿಯುತ್ತಲೇ ಇದೆಯಂತೆ. ಕೈ, ಕಾಲು, ದವಡೆ, ನಾಲಿಗೆ ಬೆಳೆದದ್ದು ಹೋಗಿ ಬರುವವರಿಗೆಲ್ಲ ಕಾಣುತ್ತದೆ. ಒಳಗೆ ಹೃದಯವೂ ಹಾಗೇ ಬೆಳೆದಿದೆ, ಅದರ ಗೋಡೆ ದಪ್ಪವಾಗಿದೆ ಎಂದು ಸ್ಕ್ಯಾನ್ ತೋರಿಸಿದರು. "ಈ ಕಾಯಿಲೇಲಿ ನಾವು ಹೆದರೋದು ಹೃದಯಕ್ಕಮ್ಮ, ಮುಖಕ್ಕಲ್ಲ" ಅಂದರು. ತಿಂಗಳಿಗೊಂದು ಇಂಜೆಕ್ಷನ್, ದಿನಕ್ಕೆರಡು ಬಿ.ಪಿ. ಮಾತ್ರೆ ಬರೆದುಕೊಟ್ಟಿದ್ದಾರೆ. ಭಾರ ಎತ್ತಬಾರದಂತೆ.

ಇನ್ನು ನನ್ನ ಜಗಳದ ಕಥೆ ಕೇಳು. ಬಿ.ಪಿ. ನೋಡಲು ನರ್ಸಮ್ಮ ತೋಳಿಗೆ ಪಟ್ಟಿ ಸುತ್ತಿದಳು. ಗಾಳಿ ತುಂಬಿದ್ದೇ ತಡ, ಪರ್ ಎಂದು ಬಿಚ್ಚಿಕೊಂಡಿತು. ಎರಡನೇ ಸಲವೂ ಅದೇ. ಮೂರನೇ ಸಲ ಅವಳು ಎರಡೂ ಕೈಯಿಂದ ಅದನ್ನು ಅದುಮಿ ಹಿಡಿದುಕೊಂಡಳು. 176, 108 ಬಂತು. "ಈ ಪಟ್ಟಿ ನನ್ನ ತೋಳಿಗೆ ಸಾಲಂಗಿಲ್ರಿ. ಇದರಾಗ ಬಂದದ್ದು ನಾನು ನಂಬಂಗಿಲ್ಲ" ಅಂದೆ. "ಎಲ್ಲಾರಿಗೂ ಇದ ಪಟ್ಟೀರಿ, ನಿಮಗ ಒಬ್ಬರಿಗೆ ಬ್ಯಾರೆ ಎಲ್ಲಿಂದ ತರೂದು" ಅಂದಳು.

ಇಪ್ಪತ್ತೆಂಟು ವರ್ಷದಿಂದ ಬಟ್ಟೆ ಕತ್ತರಿಸುತ್ತಿದ್ದೇನೆ. ವಾಗೀಶ್ ಅವರ ಜೀನ್ಸ್ ಕಾರ್ಖಾನೆಯಲ್ಲಿ ಹನ್ನೊಂದು ವರ್ಷದಿಂದ ನಾನೇ ಕಟಿಂಗ್ ಮಾಸ್ಟರ್. ನಲವತ್ತು ಸೊಂಟದವನಿಗೆ ಮೂವತ್ತೆರಡರ ಪ್ಯಾಂಟು ತೊಡಿಸಿ, ತಪ್ಪು ನಿನ್ನ ಸೊಂಟದ್ದು ಎಂದು ನಾನು ಯಾರಿಗಾದರೂ ಹೇಳಿದ್ದೇನೆಯೇ? ಮಾತ್ರೆಗಳು ನೂಲಿನ ಡಬ್ಬಿಯಲ್ಲಿ ಬಿದ್ದಿವೆ. ಸರಿಯಾಗಿ ಅಳೆಯುವವರು ಸಿಕ್ಕಿದ ದಿನ ನುಂಗುತ್ತೇನೆ.

ಫೋನ್ ಮಾಡು ಎಂದು ಮತ್ತೆ ಬರೆಯಬೇಡ. ನನ್ನ ಗಂಟಲು ಈಗ ಗಂಡಸಿನದು. ಫೋನಿನಲ್ಲಿ ಎಲ್ಲರೂ "ಹೇಳಣ್ಣಾ" ಅನ್ನುತ್ತಾರೆ. ಕಾಗದದಲ್ಲಾದರೆ ಯಾರಿಗೂ ಅನುಮಾನ ಬರುವುದಿಲ್ಲ.

ನಿನ್ನ ಅಕ್ಕ
ಚಂದ್ರಕಲಾ


ಮಡಕಶಿರ
17 ಜೂನ್ 2024

ಅಕ್ಕ,

ನಿನ್ನ ಕಾಗದ ಓದಿ ಮೊದಲು ನಗು ಬಂತು, ಆಮೇಲೆ ಸಿಟ್ಟು ಬಂತು. ನೂಲಿನ ಡಬ್ಬಿಯಲ್ಲಿ ಮಾತ್ರೆ ಇಟ್ಟರೆ ಬಿ.ಪಿ. ದಾರಕ್ಕೆ ಇಳಿಯುತ್ತದೆಯೇ?

ಆದರೆ ಜಗಳದಲ್ಲಿ ಗೆದ್ದವಳು ನೀನೇ ಅಂತ ಒಪ್ಪಿಕೊಳ್ಳಬೇಕು. ಹದಿನಾರು ವರ್ಷದಿಂದ ಆರೋಗ್ಯ ಕೇಂದ್ರದಲ್ಲಿ ನರ್ಸಾಗಿ ದಿನಾ ನೋಡುತ್ತಿದ್ದೇನೆ. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಸುತ್ತಿದರೆ ಬಿ.ಪಿ. ಇರುವುದಕ್ಕಿಂತ ಹೆಚ್ಚು ತೋರಿಸುತ್ತದೆ. ತೋಳಿನ ಸುತ್ತಳತೆ ನೋಡಿ ಪಟ್ಟಿ ಆರಿಸಬೇಕು. ಸಾಮಾನ್ಯದ್ದು ಒಂದು, ದೊಡ್ಡದು ಒಂದು, ಅದಕ್ಕೂ ದೊಡ್ಡದು, ತೊಡೆಗೆ ಸುತ್ತುವಂಥದ್ದು ಇನ್ನೊಂದು ಇದೆ. ನಮ್ಮ ಕೇಂದ್ರದಲ್ಲೂ ಇರುವುದು ಒಂದೇ. ಅಷ್ಟು ಬಿಗಿಯಾಗಿ ಬಂದ ಲೆಕ್ಕವನ್ನು ನಾನೂ ನಂಬುವುದಿಲ್ಲ.

ಆದ್ದರಿಂದ ಒಂದು ಕೆಲಸ ಮಾಡು. ಭುಜಕ್ಕೂ ಮೊಣಕೈಗೂ ನಡುವೆ, ಎಡ ತೋಳಿನ ಸುತ್ತಳತೆ ಎಷ್ಟು ಇಂಚು ಅಂತ ಬರೆದು ಕಳಿಸು. ಅದಕ್ಕೆ ಸರಿಹೋಗುವ ಪಟ್ಟಿಯ ಜೊತೆ ಮೆಷಿನ್ನನ್ನೇ ಹಿಂದೂಪುರದಿಂದ ತರಿಸಿ ಕಳಿಸುತ್ತೇನೆ. ಮನೆಯಲ್ಲೇ ಕೂತು ನೋಡಿಕೊ. ಆಮೇಲೆ ನಿನ್ನ ಹತ್ತಿರ ಯಾವ ನೆಪ ಉಳಿಯುತ್ತದೋ ನಾನೂ ನೋಡುತ್ತೇನೆ.

ನಾನೇ ಬರಬೇಕಿತ್ತು. ಇಲ್ಲಿ ಲಸಿಕೆಯ ಕೆಲಸ, ಅತ್ತೆಯ ಮೊಣಕಾಲು ನೋವು. ಇವರಿಗೂ ರಜ ಇಲ್ಲ. ಮುಂದಿನ ತಿಂಗಳು ನೋಡೋಣ.

ಉಷಾ


ರಾಯದುರ್ಗ
24 ಜೂನ್ 2024

ಉಷಾ,

ಎಡ ತೋಳು ಹದಿನೆಂಟು. ಬರೆದುಕೊ.

ಮುಂದಿನ ತಿಂಗಳು ನೋಡೋಣ ಎಂದು ನಾಲ್ಕು ವರ್ಷದಿಂದ ಬರೆಯುತ್ತಿದ್ದೀ. ಬೇಜಾರಿಲ್ಲ. ಕಲ್ಯಾಣದುರ್ಗದಲ್ಲಿ ಬಸ್ಸು ಬದಲಿಸಿ ಅರ್ಧ ದಿನ ಕೂತು ಬರುವುದು ಎಲ್ಲರಿಗೂ ಆಗುವ ಕೆಲಸವಲ್ಲ.

ಇಲ್ಲಿ ಕೆಲಸ ಜೋರಾಗಿದೆ. ದೊಡ್ಡ ಕತ್ತರಿಯ ಹಿಡಿಯಲ್ಲಿ ನನ್ನ ಹೆಬ್ಬೆರಳು ಹೋಗುತ್ತಿರಲಿಲ್ಲ. ಕಮ್ಮಾರನ ಹತ್ತಿರ ಹೋಗಿ ಅದರ ಕಣ್ಣು ಅಗಲ ಮಾಡಿಸಿಕೊಂಡು ಬಂದೆ. ಉಂಗುರ ಕತ್ತರಿಸಿ ತೆಗೆಸಿದ್ದು ನಿನಗೆ ಗೊತ್ತು. ಚಪ್ಪಲಿ ಈಗ ಗಂಡಸರ ಹತ್ತನೇ ನಂಬರು. ಅಂಗಡಿಯವನು "ಯಾರಿಗ್ರಿ" ಅಂದ. "ನನಗ" ಅಂದೆ. ಅವನು ತಲೆ ತಗ್ಗಿಸಿದ, ನಾನು ತಗ್ಗಿಸಲಿಲ್ಲ.

ಚಂದ್ರಕಲಾ


ಮಡಕಶಿರ
15 ಜುಲೈ 2024

ಅಕ್ಕ,

ಪಾರ್ಸೆಲ್ ಕಳಿಸಿದ್ದೇನೆ. ಹದಿನೆಂಟು ಇಂಚು ಅಂತ ಬರೆದಿದ್ದೀಯ. ಅಷ್ಟಾಗಿದೆ ಅಂತ ನಾನು ಎಣಿಸಿರಲಿಲ್ಲ. ಇರಲಿ, ಎಲ್ಲಕ್ಕಿಂತ ದೊಡ್ಡ ಪಟ್ಟಿಯನ್ನೇ ತರಿಸಿದ್ದೇನೆ.

ನೋಡುವ ಮೊದಲು ಐದು ನಿಮಿಷ ಸುಮ್ಮನೆ ಕೂರು. ನಿನಗೆ ಕಷ್ಟವೇ, ಆದರೂ ಕೂರು. ಬೆನ್ನಿಗೆ ಆಸರೆ ಇರಲಿ, ಕಾಲು ನೆಲಕ್ಕೆ ತಾಗಲಿ, ತೋಳು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಲಿ. ಆಗ ಯಾರೊಡನೆಯೂ ಮಾತಾಡಬೇಡ, ವಾಗೀಶ್ ಅವರನ್ನು ಬೈಯುವುದೂ ಬೇಡ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ, ಒಂದು ವಾರ ಬರೆದಿಡು. ಅಲ್ಲಿಯತನಕ ಮಾತ್ರೆ ತಪ್ಪಿಸಬೇಡ.

ಉಷಾ


ರಾಯದುರ್ಗ
28 ಜುಲೈ 2024

ಉಷಾ,

ಈ ಕಾಗದವನ್ನು ಅಂಚಿಗೆ ಜರಿ ಹೊಲಿದು ಕಳಿಸಬೇಕಿತ್ತು.

ಏಳು ದಿನ, ಹದಿನಾಲ್ಕು ಸಲ ನೋಡಿದೆ. ಒಂದು ಸಲವೂ 140 ದಾಟಲಿಲ್ಲ. 136, 84. 134, 82. ನಿನ್ನೆ ಸಂಜೆ 132. ಕಟಿಂಗ್ ಟೇಬಲ್ಲಿನಲ್ಲಿ ನನ್ನ ಜೊತೆ ಕೆಲಸ ಮಾಡುವ ರೇಖಾ ಪಟ್ಟಿ ಸುತ್ತಿಕೊಟ್ಟಳು. ಅದೇನು ಪಟ್ಟಿಯೇ ಮಾರಾಯ್ತಿ, ಭುಜದಿಂದ ಮೊಣಕೈ ಮಡಿಕೆಯವರೆಗೂ ಆರಾಮಾಗಿ ಕೂತುಕೊಂಡಿತು. ಒಂದು ಸಲವೂ ಬಿಚ್ಚಿಕೊಳ್ಳಲಿಲ್ಲ. "ಅಕ್ಕ, ನೀನು ಹೇಳಿದ್ದ ಖರೇ ಆತು ನೋಡು, ಅವರದ ತಪ್ಪು" ಅಂದಳು ರೇಖಾ. ಅದನ್ನೇ ನಾನು ಬಳ್ಳಾರಿಯಲ್ಲಿ ಬಡಿದುಕೊಂಡದ್ದು.

ಆದ್ದರಿಂದ ಮಾತ್ರೆಗಳು ಡಬ್ಬಿಯಲ್ಲೇ ನಿದ್ದೆ ಮಾಡಲಿ. ನಿಜ ಹೇಳಬೇಕೆಂದರೆ ನಾನು ಒಂದನ್ನೂ ನುಂಗಿರಲಿಲ್ಲ. ಇಂಜೆಕ್ಷನ್ನಿಗೂ ಹೋಗುವುದಿಲ್ಲ. ಬಿ.ಪಿ.ಯನ್ನೇ ತಪ್ಪಾಗಿ ಅಳೆದವರು ಹೃದಯವನ್ನು ಮಾತ್ರ ಸರಿಯಾಗಿ ಅಳೆದಿರುತ್ತಾರೆಯೇ? ನನ್ನ ಮೈ ನೋಡಿದ ಕೂಡಲೇ ಎಲ್ಲರಿಗೂ ಒಳಗೆ ಏನೋ ಕೆಟ್ಟಿದೆ ಅನ್ನಿಸುತ್ತದೆ. ಹತ್ತು ವರ್ಷದಿಂದ ನೋಡುತ್ತಿದ್ದೇನೆ, ಸಾಕಾಗಿದೆ. ಇವತ್ತು ನಾನೇ ಒಂದು ಡೆನಿಮ್ ರೋಲು ಹೊತ್ತು ಮಹಡಿ ಹತ್ತಿದೆ. ವಾಗೀಶ್ ಅವರು "ಅಕ್ಕಾರ, ನೀವು ಯಾಕ ಎತ್ತತೀರಿ, ಆಳು ಅದಾರಲ್ಲ" ಅಂದರು. "ನನಗೇನೂ ಆಗಿಲ್ರಿ, ಮೆಷಿನ್ ಹೇಳೇತಿ" ಅಂದೆ.

ಚಂದ್ರಕಲಾ


ಮಡಕಶಿರ
4 ಆಗಸ್ಟ್ 2024

ಅಕ್ಕ,

ನಿನ್ನ ಲೆಕ್ಕ ಓದಿ ಎಷ್ಟು ಹಗುರಾಯಿತು ಅಂತ ಹೇಳಲಾರೆ. ಎರಡು ಸಲ ಓದಿ ದೇವರ ಮುಂದೆ ಇಟ್ಟು ಬಂದೆ. ಡಾಕ್ಟರಿಗೆ ಹೇಳದೆ ಮಾತ್ರೆ ಬಿಡು ಅಂತ ಅನ್ನಬಾರದು, ಆದರೂ 134 ಇದ್ದವರಿಗೆ ಎರಡು ಮಾತ್ರೆ ಯಾಕೆ? ಮುಂದಿನ ಸಲ ಬಳ್ಳಾರಿಗೆ ಹೋಗುವವರೆಗೆ ತೆಗೆದುಕೊಳ್ಳದಿದ್ದರೂ ನಡೆದೀತು ಅಂತ ನನಗನ್ನಿಸುತ್ತದೆ. ಇಂಜೆಕ್ಷನ್ ಮಾತ್ರ ಬಿಡಬೇಡ, ಅದು ಬಿ.ಪಿ.ಗೆ ಕೊಟ್ಟದ್ದಲ್ಲ.

ಒಂದು ಸಿಹಿ ಸುದ್ದಿ. ನಮ್ಮ ವನಿತಾಳ ನಿಶ್ಚಿತಾರ್ಥ ನವೆಂಬರ್ ಹತ್ತಕ್ಕೆ ಅಂತ ಆಗಿದೆ. ಹುಡುಗ ಶಿರಾದವನು, ಹೈಸ್ಕೂಲಿನಲ್ಲಿ ಮೇಷ್ಟ್ರು. "ನನ್ನ ಬ್ಲೌಸು ದೊಡ್ಡಮ್ಮನೇ ಹೊಲೀಬೇಕು, ಬೇರೆ ಯಾರ್ ಹೊಲಿದ್ರೂ ನಾನು ಹಾಕ್ಕೊಳ್ಳಲ್ಲ" ಅಂತ ಅವಳು ಹಟ ಹಿಡಿದಿದ್ದಾಳೆ. ಬಟ್ಟೆ ಕಳಿಸಿದ್ದೇನೆ, ಅದರ ಜೊತೆ ಅವಳೇ ಟೇಪು ಹಿಡಿದು ಬರೆದ ಅಳತೆಯ ಚೀಟಿ ಇದೆ.

ಕಾರ್ಯಕ್ರಮ ಚಿಕ್ಕದು, ಮನೆ ಮಟ್ಟಿಗೆ ಅಷ್ಟೇ. ಅಷ್ಟು ದೂರ ಬಸ್ಸಿನಲ್ಲಿ ಬಂದು ನೀನು ಆಯಾಸ ಮಾಡಿಕೊಳ್ಳುವುದು ಬೇಡ. ನಿನ್ನ ಆರೋಗ್ಯ ಮುಖ್ಯ.

ಉಷಾ


ರಾಯದುರ್ಗ
20 ಆಗಸ್ಟ್ 2024

ಉಷಾ,

ಬಟ್ಟೆ ಬಂತು. ಬಣ್ಣ ಚೆನ್ನಾಗಿದೆ. ನಾಲ್ಕು ದಿನ ಕೆಲಸಕ್ಕೆ ಹೋಗಲಿಲ್ಲ, ಮೈ ಯಾಕೋ ಸರಿ ಇರಲಿಲ್ಲ, ಬಿಸಿಲಿಗಿರಬೇಕು. ಅದಕ್ಕೇ ಉತ್ತರ ತಡ.

ನಿನ್ನ ಮಗಳಿಗೆ ಬಿ.ಎಸ್ಸಿ. ಓದಿಸಿದೆ, ಅಳತೆ ಬರೆಯಲು ಕಲಿಸಲಿಲ್ಲ. ತೋಳು ಹತ್ತೂವರೆ ಎಂದು ಬರೆದಿದ್ದಾಳೆ. ಅದು ಅವಳ ಮೈ ಅಳತೆ. ಹತ್ತೂವರೆಗೆ ಕತ್ತರಿಸಿದರೆ ಆರತಿ ತಟ್ಟೆ ಎತ್ತುವಷ್ಟರಲ್ಲಿ ತೋಳು ಹರಿಯುತ್ತದೆ. ಮೈ ಅಳತೆಗೆ ಒಂದು ಇಂಚು ಸಡಿಲ, ಹೊಲಿಗೆಯ ಒಳಗೆ ಬಿಡಲು ಆಚೆ ಈಚೆ ಒಂದೊಂದು ಇಂಚು, ಅಲ್ಲಿಗೆ ಹದಿಮೂರೂವರೆ. ನಾನು ಚೀಟಿಯಲ್ಲಿ ಬರೆಯುವುದು ಹದಿಮೂರೂವರೆ. ನನ್ನ ಗುರು ಹೊಲಿಗೆ ಪಾಲಯ್ಯನವರು ಮೊದಲ ದಿನವೇ ಕಲಿಸಿದ್ದು ಅದು. ಟೇಪು ಮೈ ಮೇಲೆ ಹತ್ತು ತೋರಿಸಿದರೆ ಬಾಯಿಯಿಂದ ಹದಿಮೂರು ಬರಬೇಕು. ಯಾರ ಮೈ ಎಷ್ಟು ಎನ್ನುವುದು ಟೈಲರಿನ ಕಣ್ಣಿನಲ್ಲಿರಬೇಕು, ಕಾಗದಕ್ಕೆ ಹೋಗಬಾರದು. ಇಪ್ಪತ್ತೆಂಟು ವರ್ಷದಲ್ಲಿ ನಾನು ಒಬ್ಬರ ಮೈ ಅಳತೆಯನ್ನೂ ಕಾಗದದ ಮೇಲೆ ಬರೆದಿಲ್ಲ. ನನ್ನದನ್ನೂ ಬರೆದಿಲ್ಲ.

ಬ್ಲೌಸು ಹೊಲಿದು ಕಳಿಸುತ್ತೇನೆ. ನಿನ್ನ ಕಾರ್ಯಕ್ರಮ ಚಿಕ್ಕದಾಗಿಯೇ ಆಗಲಿ. ನನ್ನ ಆರೋಗ್ಯ ಬಿ.ಪಿ. ಮೆಷಿನ್ನಿಗೆ ಸರಿಹೋಗುತ್ತದೆ, ನಿನ್ನ ಮನೆಯ ಪಡಸಾಲೆಗೆ ಸರಿಹೋಗುವುದಿಲ್ಲ. ಅರ್ಥವಾಯಿತು.

ಚಂದ್ರಕಲಾ


ಮಡಕಶಿರ
27 ಆಗಸ್ಟ್ 2024

ಅಕ್ಕ,

ಈ ಕಾಗದ ತಲುಪುವುದನ್ನು ಕಾಯುವ ತಾಳ್ಮೆ ನನಗಿಲ್ಲ. ನಿನಗೆ ಹನ್ನೊಂದು ಸಲ ಫೋನ್ ಮಾಡಿದೆ, ಎತ್ತಲಿಲ್ಲ. ಕಡೆಗೆ ವಾಗೀಶ್ ಅವರ ನಂಬರಿಗೆ ಮಾಡಿದೆ. ಅವರು ನಿನಗೆ ಹೇಳಿರುತ್ತಾರೆ. ಆದರೂ ಬರೆಯುತ್ತೇನೆ, ಬರೆದದ್ದನ್ನೇ ನೀನು ನಂಬುವುದು.

ನಾನು ತೋಳಿನ ಸುತ್ತಳತೆ ಕೇಳಿದಾಗ ನೀನು ಹದಿನೆಂಟು ಅಂದೆ. ವನಿತಾಳ ತೋಳಿಗೆ ನೀನು ಬರೆದ ಲೆಕ್ಕ ಓದಿದಾಗ ತಿಳಿಯಿತು, ಅದು ನಿನ್ನ ತೋಳಲ್ಲ ಅಕ್ಕ, ನೀನು ನಿನ್ನ ರವಿಕೆಗೆ ಕತ್ತರಿಸುವ ಬಟ್ಟೆ. ಮೂರು ಇಂಚು ಕಳೆದರೆ ತೋಳು ಹದಿನೈದು. ಹದಿನೈದಕ್ಕೆ ಬೇಕಾದದ್ದು ದೊಡ್ಡ ಪಟ್ಟಿ. ನಾನು ಕಳಿಸಿದ್ದು ತೊಡೆಯ ಪಟ್ಟಿ. ಪಟ್ಟಿ ಚಿಕ್ಕದಾದರೆ ಬಿ.ಪಿ. ಹೆಚ್ಚು ತೋರಿಸುವ ಹಾಗೆ, ಅಳತೆ ಮೀರಿ ದೊಡ್ಡದಾದರೆ ಕಡಿಮೆ ತೋರಿಸುತ್ತದೆ. 134 ಸುಳ್ಳು. 176 ಸ್ವಲ್ಪ ಸುಳ್ಳಿರಬಹುದು, ಆದರೆ ನಿಜ ಅದರ ಹತ್ತಿರವೇ ಎಲ್ಲೋ ಇದೆ. ಮೊಣಕೈ ಮಡಿಕೆಯವರೆಗೂ ಬಂತು ಅಂತ ನೀನು ಬರೆದಾಗಲೇ ನನಗೆ ಹೊಳೆಯಬೇಕಿತ್ತು.

ಮಾತ್ರೆ ಇಲ್ಲದಿದ್ದರೂ ನಡೆದೀತು ಅಂತ ಬರೆದದ್ದು ನಾನು. ನರ್ಸಾಗಿ ಬರೆಯಬಾರದಿತ್ತು, ತಂಗಿಯಾಗಿಯಂತೂ ಬರೆಯಲೇಬಾರದಿತ್ತು. ಆಗಸ್ಟ್ ಒಂಬತ್ತರಂದು ಮಧ್ಯಾಹ್ನ ನೀನು ರೋಲು ಹೊತ್ತು ಮೆಟ್ಟಿಲಲ್ಲಿ ಕುಸಿದೆಯಂತೆ. ನನಗೆ ಬಿಸಿಲು ಅಂತ ಬರೆದೆ. ವಾಗೀಶ್ ಅವರು ಹೇಳಿದ ಮೇಲೇ ನನಗೆ ಗೊತ್ತಾದದ್ದು.

ಇವತ್ತೇ ಮಾತ್ರೆ ಶುರು ಮಾಡು. ನಾಳೆಯೇ ಬಳ್ಳಾರಿಗೆ ಹೋಗು, ರೇಖಾ ಜೊತೆಗೆ ಬರುತ್ತಾಳೆ ಅಂತ ವಾಗೀಶ್ ಹೇಳಿದ್ದಾರೆ. ಸರಿಯಾದ ಪಟ್ಟಿ ತರಿಸುತ್ತೇನೆ. ಈ ಸಲ ಮೈ ಅಳತೆ ಕಳಿಸು.

ಉಷಾ


ರಾಯದುರ್ಗ
1 ಸೆಪ್ಟೆಂಬರ್ 2024

ಉಷಾ,

ಮೂರು ದಿನ ಸಿಟ್ಟಿನಲ್ಲೇ ಇದ್ದೆ. ನಿನ್ನ ಮೇಲೋ, ಟೇಪಿನ ಮೇಲೋ, ಪಾಲಯ್ಯನವರ ಮೇಲೋ ನನಗೇ ಗೊತ್ತಿಲ್ಲ. ಬಳ್ಳಾರಿಯವರ ಅಳತೆ ತಪ್ಪು ಎಂದು ಮೂರು ತಿಂಗಳು ಮೆರೆದೆ. ಕಡೆಗೆ ನೋಡಿದರೆ ತಪ್ಪು ಅಳತೆ ಬರೆದುಕೊಟ್ಟವಳು ಕಟಿಂಗ್ ಮಾಸ್ಟರ್ ಚಂದ್ರಕಲಾ. ನೀನು ಅಳತೆ ಕೇಳಿದೆ, ನನ್ನ ಕೈ ತನ್ನಷ್ಟಕ್ಕೆ ಮೂರು ಇಂಚು ಸೇರಿಸಿ ಬರೆಯಿತು. ನನಗೆ ತಿಳಿಯಲೂ ಇಲ್ಲ.

ಆ ದಿನ ಹನ್ನೆರಡನೇ ಮೆಟ್ಟಿಲಿಗೆ ಉಸಿರು ನಿಂತ ಹಾಗಾಯಿತು. ಎದೆಯೊಳಗೆ ಯಾರೋ ಕೈ ಹಾಕಿ ಹಿಂಡಿದ ಹಾಗೆ ಆಗಿ ಕೂತುಬಿಟ್ಟೆ. ರೋಲು ಉರುಳಿಕೊಂಡು ಕೆಳಗೆ ಹೋಯಿತು. ವಾಗೀಶ್ ಅವರು ಕಾರು ತೆಗೆದರು. ನಾನು ಹತ್ತಲಿಲ್ಲ. "ಮೆಷಿನ್ ತಗಂಬರ್ರಿ, ನೋಡೋಣ" ಅಂದೆ. 136 ಬಂತು. ನೋಡಿದ್ರ್ಯಾ, ಏನೂ ಇಲ್ಲ ಎಂದು ಸೋಡಾ ಕುಡಿದು ಮನೆಗೆ ಹೋದೆ. ಆ ಮೆಷಿನ್ನಿನ ಮಾತಿಗೆ ನಾನು ಸತ್ತೇ ಹೋಗುತ್ತಿದ್ದೆನಲ್ಲ ಉಷಾ.

ಬಳ್ಳಾರಿಗೆ ಹೋಗಿ ಬಂದೆ. ಮಾತ್ರೆ ಶುರು ಮಾಡಿದ್ದೇನೆ. ಇಂಜೆಕ್ಷನ್ ಹಾಕಿಸಿಕೊಂಡೆ.

ಈಗ ನಿನ್ನ ಸರದಿ. ನಾನು ಫೋನ್ ಬಿಟ್ಟದ್ದು ಎಲ್ಲರೂ ಅಣ್ಣ ಅನ್ನುತ್ತಾರೆಂದು ಅಲ್ಲ. ಅದಕ್ಕೆಲ್ಲ ನಾನು ಹೆದರುವವಳಲ್ಲ. ನಾಲ್ಕು ವರ್ಷದ ಹಿಂದೆ, ಆಪರೇಷನ್ ಆಗಿ ಹತ್ತನೇ ದಿನ, ನಿನಗೆ ಫೋನ್ ಮಾಡಿದೆ. ನಿನ್ನ ಅತ್ತೆ ಎತ್ತಿದರು. "ಯಾವನೋ ಗಂಡ್ಸು ಕಣೇ, ಉಷಾ ಇಲ್ವಾ ಅಂತ ಕೇಳ್ತಾವ್ನೆ" ಎಂದು ಕೂಗಿದರು. ನೀನು ಬಂದು ಫೋನ್ ಕಿವಿಗಿಟ್ಟುಕೊಂಡೆ. ನಾನು "ಉಷಾ" ಅಂದೆ. ನಿನಗೆ ಗೊತ್ತಾಯಿತು. ನಿನ್ನ ಉಸಿರಿನಲ್ಲೇ ನನಗೆ ಅದು ತಿಳಿಯಿತು. ಆಮೇಲೆ ನೀನು ಅವರಿಗೆ ಏನು ಹೇಳಿದೆ? "ರಾಂಗ್ ನಂಬರ್ ಅತ್ತೆ" ಅಂದೆ. ಫೋನ್ ಇಡುವ ಮೊದಲೇ ಅಂದೆ.

ಹೃದಯದ ಗೋಡೆ ದಪ್ಪವಾದರೆ ಏನಾಗುತ್ತದೆ ಎಂದು ಡಾಕ್ಟರಮ್ಮನನ್ನು ಕೇಳಬೇಕಾಯಿತು. ನಿನ್ನ ಆ ಮಾತಿನಿಂದ ಏನಾಯಿತು ಎಂದು ನಾನು ಯಾರನ್ನೂ ಕೇಳಬೇಕಾಗಲಿಲ್ಲ.

ಮೈ ಅಳತೆ ಕಳಿಸು ಎಂದು ಬರೆದಿದ್ದೀಯ. ಕಳಿಸುವುದಿಲ್ಲ. ನನ್ನ ತೋಳು ಇನ್ನು ಮೇಲೆ ಕಾಗದದಲ್ಲಿ ಬರುವುದಿಲ್ಲ. ಬೇಕಾದರೆ ಬಂದು ನಿನ್ನ ಕೈಯಿಂದ ಅಳೆದುಕೊಂಡು ಹೋಗು. ಬರಲು ಆಗದಿದ್ದರೆ ಆಗದು ಎಂದು ಬರೆ, ಲಸಿಕೆ, ಮೊಣಕಾಲು ಎಂದೆಲ್ಲ ಬರೆಯಬೇಡ.

ಚಂದ್ರಕಲಾ


ಮಡಕಶಿರ
16 ಸೆಪ್ಟೆಂಬರ್ 2024

ಅಕ್ಕ,

ಎದುರಿಗೆ ಕೂತಾಗ ಹೇಳಲಾಗದ್ದನ್ನು ಈಗ ಬರೆಯುತ್ತೇನೆ.

ಚೌತಿಯ ಮರುದಿನ ನಿನ್ನ ಬಾಗಿಲಿಗೆ ಬಂದಾಗ ನೀನು ಬಾಗಿಲು ತೆಗೆದೆ. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ನೀನು ನೋಡಿದೆ, ಆದರೂ ನನ್ನ ಕೈಯಿಂದ ಕಡುಬಿನ ಡಬ್ಬಿ ತೆಗೆದುಕೊಂಡೆ. ಹದಿನಾರು ವರ್ಷ ಎಂಥೆಂಥ ರೋಗಿಗಳನ್ನು ಮುಟ್ಟಿದ ನರ್ಸು ನಾನು. ನನ್ನ ಅಕ್ಕನ ಮುಖ ನೋಡಿ ಹೆದರಿದೆ. ಆ ಎರಡು ಹೆಜ್ಜೆಗೆ ಕ್ಷಮೆ ಕೇಳುವುದಿಲ್ಲ. ಕೇಳಿದರೆ ನೀನು ಹೋಗಲಿ ಬಿಡು ಅನ್ನುತ್ತೀಯ, ಅದು ಅಷ್ಟು ಸುಲಭಕ್ಕೆ ಹೋಗಬಾರದು.

ಫೋನಿನ ವಿಷಯವೂ ಅಷ್ಟೇ. ನನಗೆ ನಾಚಿಕೆಯಾಗಿತ್ತು. ಅತ್ತೆಗೆ, ಇವರಿಗೆ, ಬೀದಿಗೆ ಏನು ಹೇಳಲಿ ಅಂತ ನಾಚಿಕೆ. ನಿಶ್ಚಿತಾರ್ಥ ಚಿಕ್ಕದು ಅಂತ ಬರೆದದ್ದೂ ಸುಳ್ಳು, ಮುನ್ನೂರು ಜನರಿಗೆ ಊಟ ಹೇಳಿದೆ. ನಿನ್ನ ಆರೋಗ್ಯದ ಹೆಸರು ಹೇಳಿ ನಿನ್ನನ್ನು ದೂರ ಇಟ್ಟೆ. ಆ ನಾಲ್ಕು ವರ್ಷದಲ್ಲಿ ಒಂದೇ ಒಂದು ಸಲ ಬಂದು ನಿನ್ನ ತೋಳು ಹಿಡಿದಿದ್ದರೂ ಹದಿನೆಂಟು ಅಲ್ಲ ಅಂತ ಕೈಗೇ ತಿಳಿಯುತ್ತಿತ್ತು.

ಟೇಪು ಸುತ್ತಿದಾಗ ಹದಿನೈದು ಬಂತು. ನೀನು ಹದಿನೆಂಟು ಅನ್ನಲು ಬಾಯಿ ತೆರೆದದ್ದನ್ನು ನೋಡಿದೆ. ಸರಿಯಾದ ಪಟ್ಟಿಯಲ್ಲಿ 154, 96 ಬಂದಾಗ, ವಾರದಿಂದ ಮಾತ್ರೆ ತೆಗೆದುಕೊಂಡ ಮೇಲೂ ಅಷ್ಟಿದೆಯಲ್ಲ ಅಂತ ನನಗೆ ಅಳು ಬಂತು. ನೀನು ಮಾತ್ರ "ಅಳಬ್ಯಾಡ, ತೋಳು ಅಲ್ಲಾಡತೈತಿ, ಲೆಕ್ಕ ತಪ್ಪತೈತಿ" ಅಂದೆ.

ಮೊನ್ನೆ ನಿಶ್ಚಿತಾರ್ಥದ ಆಮಂತ್ರಣ ಪತ್ರಿಕೆ ಅಚ್ಚಿಗೆ ಕೊಡುವಾಗ ಆಹ್ವಾನಿಸುವವರಲ್ಲಿ ಮೊದಲ ಹೆಸರು ನಿನ್ನದು ಹಾಕಿಸಿದೆ. ಅತ್ತೆಗೆ ಎಲ್ಲ ಹೇಳಿದೆ, ಆ ದಿನದ ಫೋನಿನ ಸಮೇತ. ಅವರು "ಅಯ್ಯೋ ಪಾಪಿ, ಒಡಹುಟ್ಟಿದೋಳ್ನ ಹಂಗಂದ್ಯಾ. ನಂಗೆ ಹೇಳಿದ್ರೆ ನಾನೇನ್ ಕಚ್ತಿದ್ನಾ" ಅಂದರು. ಬೈಸಿಕೊಂಡು ಹಾಯಾಯಿತು.

ನೀನು ಬರಬೇಕು. ಬಾರದಿದ್ದರೆ ವನಿತಾ ಸೀರೆ ಉಡುವುದಿಲ್ಲವಂತೆ.

ಉಷಾ


ರಾಯದುರ್ಗ
21 ನವೆಂಬರ್ 2024

ಉಷಾ,

ನಿಶ್ಚಿತಾರ್ಥ ಮುಗಿಸಿ ಊರು ಸೇರಿದ ಮೇಲೆ ಎರಡು ದಿನ ಮಲಗಿದೆ. ಹೆದರಬೇಡ, ಆಯಾಸ ಅಷ್ಟೇ, ಈ ಸಲ ನಿಜವಾಗಿಯೂ ಅಷ್ಟೇ.

ನಿನ್ನ ಮಗಳ ಬ್ಲೌಸಿನ ತೋಳು ನೋಡಿದೆಯಾ? ಆರತಿ ತಟ್ಟೆ ಎತ್ತಿದಾಗ ಒಂದು ಸುಕ್ಕು ಬೀಳಲಿಲ್ಲ. ಅಲ್ಲಿ ಹದಿಮೂರೂವರೆಯೇ ಸರಿ. ಎಲ್ಲಿ ಯಾವುದನ್ನು ಬರೆಯಬೇಕು ಎನ್ನುವುದು ನಲವತ್ತೇಳನೇ ವಯಸ್ಸಿಗೆ ತಿಳಿಯಿತು.

ನೀನು ಅಡುಗೆಯವರ ಹತ್ತಿರ ಇದ್ದಾಗ ನಡೆದದ್ದು ನಿನಗೆ ಗೊತ್ತಿಲ್ಲ. ಬೀಗರ ಕಡೆಯ ಒಬ್ಬಾಕೆ ಪಕ್ಕದವಳಿಗೆ, "ಇದ್ಯಾರೇ, ಗಂಡ್ಸು ಸೀರೆ ಉಟ್ಕೊಂಡ್ ಕೂತಂಗವ್ರೆ" ಅಂದಳು. ನಾನು ಎದ್ದೆ. ಮೈಕು ಬೇಕಾಗಲಿಲ್ಲ, ಈ ಗಂಟಲಿಗೆ ಅದೊಂದು ಲಾಭ. "ನಾನು ಚಂದ್ರಕಲಾ ಅಂತ್ರಿ. ವನಿತಾಗ ದೊಡ್ಡಮ್ಮ. ರಾಯದುರ್ಗದಾಗ ಕಟಿಂಗ್ ಮಾಸ್ಟರ್. ನನ್ನ ಮಿದುಳಿನ ಬುಡಕ ಒಂದು ಗಡ್ಡಿ ಐತಿ, ಅದು ನನ್ನ ಬೆಳಸಾಕ ಹತ್ತೇತಿ. ಬ್ಯಾರೆ ಏನರ ಕೇಳಬೇಕಂದ್ರ ನನ್ನ ಕೇಳ್ರಿ, ಪಕ್ಕದಾಕಿನ ಕೇಳಬ್ಯಾಡ್ರಿ" ಅಂದೆ. ನಿನ್ನ ಅತ್ತೆ ಗುರುಬಸಮ್ಮನವರು ಬಂದು ನನ್ನ ಪಕ್ಕದ ಕುರ್ಚಿ ಎಳೆದುಕೊಂಡು ಕೂತು, ಊಟಕ್ಕೆ ಏಳುವವರೆಗೂ ಅಲ್ಲಾಡಲಿಲ್ಲ. ಕೂತವರು "ನಿನ್ ಮೆಷಿನ್ ತಂದಿದ್ರೆ ನಂಗೂ ಒಂದ್ಸಲ ನೋಡವ್ವ" ಅಂದರು. ಅವರ ತೋಳೂ ಈ ಪಟ್ಟಿಗೆ ಸರಿಹೋಗುವಷ್ಟು ದಪ್ಪ, ಅಳೆದೇ ಸುತ್ತಿದೆ, 150 ಇತ್ತು. ನಿನಗೆ ಹೇಳಬೇಡ ಅಂದಿದ್ದರು. ನಾನು ಹೇಳಿದ್ದೇನೆ, ನೋಡಿಕೊ.

ನಿನ್ನೆ ಬಳ್ಳಾರಿಗೆ ಹೋಗಿದ್ದೆ, ಈ ತಿಂಗಳ ಇಂಜೆಕ್ಷನ್ನಿಗೆ. ನಿನ್ನ ಪಟ್ಟಿಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದೆ. ಅದಕ್ಕೆ ಡೆನಿಮ್ಮಿನಲ್ಲಿ ಒಂದು ಚೀಲ ಹೊಲಿದಿದ್ದೇನೆ. ಮೇಲೆ ಕೆಂಪು ದಾರದಲ್ಲಿ "ಎಡ ತೋಳು 15, ಮೈ ಅಳತೆ" ಎಂದು ಹಾಕಿದ್ದೇನೆ. ಆ ನರ್ಸಮ್ಮನೇ ಇದ್ದಳು. ಓದಿದಳು, ಪಟ್ಟಿ ಸುತ್ತಿದಳು. 138, 86. "ಇನ್ನು ಮ್ಯಾಲೆ ಯಾರನ್ನ ಕೂಡ್ಸಿದ್ರೂ ಮೊದಲು ಅವರ ತೋಳು ನೋಡ್ರಿ, ಆಮ್ಯಾಲೆ ಪಟ್ಟಿ ತಗೀರಿ" ಅಂದೆ. ಡಾಕ್ಟರಮ್ಮ ಆಚೆ ಕೂತು ಕೇಳಿಸಿಕೊಂಡರು. ಹೊರಡುವಾಗ "ದೊಡ್ಡ ಪಟ್ಟಿಗೆ ಬರೆದು ಕಳಿಸಿದ್ದೀನಮ್ಮ" ಅಂದರು. ಬರುತ್ತದೋ ಇಲ್ಲವೋ, ಪ್ರತಿ ತಿಂಗಳು ಹೋಗಿ ಕೇಳುತ್ತೇನೆ.

ಹೃದಯದ ಗೋಡೆ ಇಳಿಯುತ್ತದೆಯೇ ಎಂದು ಕೇಳಿದೆ. ಹಾರ್ಮೋನು ಹತೋಟಿಗೆ ಬಂದರೆ ಸ್ವಲ್ಪ ಇಳಿಯಬಹುದು, ಪೂರ್ತಿ ಇಳಿಯುತ್ತದೆ ಎಂದು ಹೇಳುವ ಹಾಗಿಲ್ಲ ಅಂದರು. ಇಳಿಯದಿದ್ದರೆ ಅದನ್ನು ಇಟ್ಟುಕೊಂಡೇ ಬದುಕುತ್ತೇನೆ. ಈ ದವಡೆ, ಈ ಕೈ ಇಟ್ಟುಕೊಂಡು ಬದುಕಿದ್ದೇನಲ್ಲ. ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. ಸಾಯಲು ನನಗೆ ಇಷ್ಟವಿಲ್ಲ ಉಷಾ, ಅದನ್ನು ಯಾವತ್ತೂ ಹೇಳಿರಲಿಲ್ಲ, ಈಗ ಹೇಳಿದೆ. ರೋಲು ಎತ್ತುವುದನ್ನು ಬಿಟ್ಟಿದ್ದೇನೆ. ಕತ್ತರಿ ಬಿಡುವುದಿಲ್ಲ.

ಭಾನುವಾರ ಬೆಳಿಗ್ಗೆ ಹತ್ತು ಗಂಟೆಗೆ ಫೋನ್ ಮಾಡುತ್ತೇನೆ. ನೀನು ಎತ್ತಬೇಡ, ನಿನ್ನ ಅತ್ತೆ ಎತ್ತಲಿ. ಯಾರು ಎಂದು ಕೇಳಿದರೆ ನಾನೇ ಹೇಳುತ್ತೇನೆ.

ನಿನ್ನ ಅಕ್ಕ
ಚಂದ್ರಕಲಾ